ಕೊಡಗು ಒಂದು ಸ್ವತಂತ್ರ ದೇಶವಾಗಿತ್ತೇ?



ತೂಕದ ಸರದಿಗಾಗಿ ಗೋದಾಮಿನ ಜಗಲಿಯಲ್ಲಿ ಕುಳಿತವರ ನಡುವೆ ಈ ಚರ್ಚೆ ಆಗಾಗ ಏಳುವುದುಂಟು. “1956ರವರೆಗೂ ಕೊಡಗು ಬೇರೆ ದೇಶವೇ ಆಗಿತ್ತು” ಎಂದು ಒಬ್ಬರು, “ಎಲ್ಲಿಯದು, ಅದು ಎಂದಿನಿಂದಲೂ ಮೈಸೂರಿನ ಭಾಗ” ಎಂದು ಇನ್ನೊಬ್ಬರು. ಎರಡೂ ಸರಿಯಲ್ಲ. ಪಹಣಿಯಲ್ಲಿ ‘ಜಮ್ಮಾ’, ‘ಬಾಣೆ’ ಎಂದು ಬರೆದಿರುವ ಸದಸ್ಯರಿಗೆ ಇದು ಬರಿಯ ಹರಟೆಯೂ ಅಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ಹಾಲೇರಿ ಅರಸರ ಆಳ್ವಿಕೆಯಲ್ಲಿ ಕೊಡಗು ನಿಜಕ್ಕೂ ಒಂದು ರಾಜ್ಯ. 1681ರಲ್ಲಿ ಮುದ್ದುರಾಜನು ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡನು. ಕಂದಾಯ, ಸೈನ್ಯ, ನ್ಯಾಯ ಮೂರೂ ಅರಸನ ಕೈಯಲ್ಲಿದ್ದವು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ನಡುನಡುವೆ ನಾಡು ಮೈಸೂರಿನ ವಶವಾದರೂ ಅದು ನಿಲ್ಲಲಿಲ್ಲ. 1790ರಲ್ಲಿ ದೊಡ್ಡ ವೀರರಾಜೇಂದ್ರನು ಇಂಗ್ಲಿಷ್ ಕಂಪನಿಯೊಡನೆ ಕರಾರು ಮಾಡಿಕೊಂಡನು. ಕರಾರು ಮಾಡಿಕೊಳ್ಳುವ ಅಧಿಕಾರವಿದ್ದವನು ಸ್ವತಂತ್ರನೇ ಸರಿ. ಆದರೆ ಬೇಗನೆ ಕಂಪನಿಗೆ ಕಪ್ಪವನ್ನೂ ಒಪ್ಪಿಕೊಳ್ಳಬೇಕಾಯಿತು. ಅಲ್ಲಿಂದಾಚೆಗೆ ಆ ಸ್ವಾತಂತ್ರ್ಯ ಅರೆಬರೆಯದೆಂದೇ ನಮ್ಮ ಅಭಿಪ್ರಾಯ. 1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಮಡಿಕೇರಿಗೆ ಬಂದು ಚಿಕ್ಕ ವೀರರಾಜನನ್ನು ಪದಚ್ಯುತಗೊಳಿಸಿತು. ದೇಶವೆಂಬ ಕಥೆ ಅಲ್ಲಿಗೆ ಮುಗಿಯಿತು.

ಅದರ ಬಿಸಿ ಮೊದಲು ತಟ್ಟಿದ್ದು ಘಟ್ಟದ ಕೆಳಗಿನ ಅಡಿಕೆಯ ಸೀಮೆಗೆ. ಅರಸನ ಅಧೀನದಲ್ಲಿದ್ದ ಅಮರ ಸುಳ್ಯದ ಮಾಗಣೆಗಳನ್ನು ಕಂಪನಿಯು ಕೆನರಾ ಜಿಲ್ಲೆಗೆ ಸೇರಿಸಿತು. ಅರಸನ ಕಾಲದಲ್ಲಿ ಬೆಳೆದದ್ದನ್ನೇ ಕಂದಾಯವಾಗಿ ಕೊಡಬಹುದಿತ್ತು; ಈಗ ರೊಕ್ಕವೇ ಬೇಕೆಂದಾಯಿತು. ಬೆಳೆ ಕೈಗೆ ಬರುವ ಮುಂಚೆ ರೊಕ್ಕ ತರುವುದೆಲ್ಲಿಂದ? ಸಾಹುಕಾರನ ಮನೆಯಿಂದ. ಇದೂ ಒಂದು ಕಾರಣವಾಗಿ 1837ರಲ್ಲಿ ರೈತರು ದಂಗೆಯೆದ್ದು ಮಂಗಳೂರಿನವರೆಗೂ ಹೋಗಿ ಅದನ್ನು ಕೆಲವು ದಿನ ಹಿಡಿದಿಟ್ಟುಕೊಂಡಿದ್ದರು.

ಘಟ್ಟದ ಮೇಲೆ ಮಾತ್ರ ಅರಸರ ಭೂಪದ್ಧತಿಯನ್ನು ಬ್ರಿಟಿಷರು ಬಹುಮಟ್ಟಿಗೆ ಉಳಿಸಿಕೊಂಡರು. ಜಮ್ಮಾ ಎಂದರೆ ಜನ್ಮದಿಂದ ಬಂದ ಹಿಡುವಳಿ. ಅರಸನಿಗೆ ಸೈನಿಕ ಸೇವೆ ಸಲ್ಲಿಸಬೇಕಾದ ಕುಟುಂಬಗಳಿಗೆ ಇದು ಸಲ್ಲುತ್ತಿತ್ತು; ಕಂದಾಯ ಸಾಗು ಜಮೀನಿನ ಅರ್ಧದಷ್ಟು. ಗದ್ದೆಗೆ ಹೊಂದಿಕೊಂಡ ಗುಡ್ಡವೇ ಬಾಣೆ. ಸೊಪ್ಪು, ಸೌದೆ, ದನಗಳ ಮೇವಿಗಾಗಿ ಕಂದಾಯವಿಲ್ಲದೆ ಬಿಟ್ಟದ್ದು. ಅದೇ ಬಾಣೆಯಲ್ಲಿ ಮುಂದೆ ಕಾಫಿ ಬಂದಾಗ ಮಣ್ಣು ಯಾರದು, ಮರ ಯಾರದು ಎಂಬ ತಕರಾರು ಹುಟ್ಟಿತು. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ನಿನಿಂದ ಹಿಡಿದು ನಮ್ಮ ಕಾಲದ ನ್ಯಾಯಾಲಯಗಳವರೆಗೂ ಅದು ನಡೆದುಬಂದಿದೆ.

ಹಾಗಾದರೆ 1956ರ ಮಾತೇನು? ಬ್ರಿಟಿಷರ ಕಾಲದಲ್ಲಿ ಕೊಡಗು ಚೀಫ್ ಕಮಿಷನರ್ ಆಡಳಿತದ ಪ್ರತ್ಯೇಕ ಪ್ರಾಂತವಾಗಿತ್ತು. 1881ರ ಅನಂತರ ಬಹುಕಾಲ ಮೈಸೂರಿನ ರೆಸಿಡೆಂಟರೇ ಆ ಹುದ್ದೆಯನ್ನೂ ನೋಡಿಕೊಂಡದ್ದರಿಂದ ‘ಮೈಸೂರಿನ ಭಾಗ’ ಎಂಬ ತಪ್ಪು ತಿಳಿವಳಿಕೆ ಬಂದಿರಬಹುದು. 1950ರಲ್ಲಿ ಕೊಡಗು ಭಾರತದ ‘ಸಿ’ ವರ್ಗದ ರಾಜ್ಯವಾಯಿತು. 1952ರಲ್ಲಿ 24 ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆದು ಶ್ರೀ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು. ಅದು ರಾಜ್ಯವೇ ಹೊರತು ದೇಶವಲ್ಲ. ಸೈನ್ಯ, ನಾಣ್ಯ, ವಿದೇಶ ವ್ಯವಹಾರ ಎಲ್ಲ ದೆಹಲಿಯದೇ. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು.

ರಾಜ್ಯ ಹೋದರೂ ಜಮ್ಮಾ, ಬಾಣೆ ಎಂಬ ಹೆಸರುಗಳು ಕಾಗದಪತ್ರಗಳಿಂದ ಹೋಗಲಿಲ್ಲ. ಹಿರಿಯರ ಪೆಟ್ಟಿಗೆಯಲ್ಲಿ ಅಂಥ ಹಳೆಯ ಕಾಗದವಿದ್ದರೆ ಗೆದ್ದಲಿಗೆ ಬಿಡದೆ ತೆಗೆದು, ಒಂದು ಪ್ರತಿ ಮಾಡಿಸಿಟ್ಟುಕೊಳ್ಳಿ.