ಇಲಿಗೆ ಇಟ್ಟ ಕೇಕು ಕರುವಿನ ಬಾಯಿಗೆ ಹೋಗದಿರಲಿ

ಕೆ.ಆರ್. ನಗರದ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಕೊಟ್ಟಿಗೆಯಲ್ಲಿ ರಾತ್ರಿ ಸದ್ದು ಶುರುವಾಗುತ್ತದೆ. ಗದ್ದೆಯಲ್ಲಿ ತಿನ್ನಲು ಏನೂ ಉಳಿಯದ ಇಲಿ, ಹೆಗ್ಗಣಗಳು ಬದುವಿನ ಬಿಲ ಬಿಟ್ಟು ಊರ ಕಡೆ ಮುಖ ಮಾಡುತ್ತವೆ. ಹುಣಸೂರು, ಪಿರಿಯಾಪಟ್ಟಣದ ಕಡೆ ರಾಗಿ, ಮುಸುಕಿನ ಜೋಳ ಮನೆ ಸೇರಿದಾಗಲೂ ಇದೇ ಕಥೆ. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲೂ ಅಷ್ಟೇ. ಹುಲ್ಲಿನ ಮೆದೆ ಬೆಚ್ಚಗಿದೆ, ಪಕ್ಕದಲ್ಲೇ ಬೂಸಾ ಮೂಟೆ ಇದೆ, ತೊಟ್ಟಿಯಲ್ಲಿ ನೀರಿದೆ. ಇಲಿಗೆ ಇನ್ನೇನು ಬೇಕು?

ಆಗ ಊರಿಂದ ಫೋನ್. "ಮಗಾ, ಇಲಿ ಕಾಟ ತಡಿಯಕ್ಕಾಯ್ತಿಲ್ಲ ಕಣಪ್ಪಾ. ಫೀಡ್ ಮೂಟೆನೆಲ್ಲಾ ತೂತು ಮಾಡವೆ. ಅದೇನೋ ಕೇಕ್ ಬತ್ತದಂತಲ್ಲ, ಒಸಿ ಕಳ್ಸು." ಬೆಂಗಳೂರಿನಲ್ಲಿ ಕೂತ ನೀವು ಲಂಚ್ ಬ್ರೇಕಿನಲ್ಲಿ ಆ್ಯಪ್ ತೆರೆದು ಆರ್ಡರ್ ಹಾಕಿಬಿಡುತ್ತೀರಿ. ಮೂರನೇ ದಿನ ಪಾರ್ಸೆಲ್ ಊರು ಮುಟ್ಟುತ್ತದೆ. ಲೇಬಲ್ಲಿನ ಅಕ್ಷರ ಇರುವೆ ಸಾಲಿನಷ್ಟು ಸಣ್ಣ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅವ್ವ ಅದನ್ನು ಓದುವುದಿಲ್ಲ. ಪೊಟ್ಟಣ ಬಿಚ್ಚಿ, ನಾಲ್ಕು ತುಂಡು ಗೋದಲಿ ಮೂಲೆಗೆ, ನಾಲ್ಕು ಮೂಟೆ ಸಂದಿಗೆ ಹಾಕಿ, ಕೈ ತೊಳೆದು ಹಾಲು ಕರೆಯಲು ಕೂರುತ್ತಾರೆ.

ಫ್ಲ್ಯಾಟಿನ ಫ್ರಿಜ್ ಹಿಂದೆ ಇಡುವ ವಿಷಕ್ಕೂ ಕೊಟ್ಟಿಗೆಯಲ್ಲಿ ಇಡುವ ವಿಷಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಇಲಿಯ ಆಮಿಷ ತಯಾರಾಗುವುದು ನುಚ್ಚು, ಜೋಳ, ಎಣ್ಣೆಯಿಂದ. ಮನೆಯಲ್ಲೇ ಕಲಸುವವರು ಕೊಬ್ಬರಿ, ಬೆಲ್ಲ, ಬೋಂಡ ಕೂಡ ಸೇರಿಸುತ್ತಾರೆ. ಇವೆಲ್ಲ ಹಸು, ಕುರಿ, ಕೋಳಿ, ನಾಯಿ ಎಲ್ಲಕ್ಕೂ ಇಷ್ಟವೇ. ಇಲಿಗೆ ರುಚಿಸಿದ್ದು ಕರುವಿಗೂ ರುಚಿಸುತ್ತದೆ. ಜೊತೆಗೆ ಇಲಿ ಸಿಕ್ಕಿದ್ದನ್ನು ಅಲ್ಲೇ ಕೂತು ತಿನ್ನುವ ಪ್ರಾಣಿಯೂ ಅಲ್ಲ. ಕೇಕಿನ ತುಂಡನ್ನು ಕಚ್ಚಿಕೊಂಡು ಹೋಗಿ ಮೇವಿನ ರಾಶಿಯಲ್ಲಿ, ಮೂಟೆಯ ತೂತಿನಲ್ಲಿ ಬಚ್ಚಿಡುತ್ತದೆ. ನೀವು ಮೂಲೆಯಲ್ಲಿ ಇಟ್ಟದ್ದು ಬೆಳಗ್ಗೆ ಬಕೆಟ್ಟಿನಲ್ಲಿ ಬೂಸಾ ಜೊತೆ ಕಲಸಿಹೋಗಬಹುದು.

ಯಾವ ವಿಷ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಊರಲ್ಲಿ 'ಇಲಿ ಪಾಷಾಣ' ಅಂತ ಒಂದೇ ಹೆಸರಿನಲ್ಲಿ ಕರೆದರೂ ಅಂಗಡಿಯಲ್ಲಿ ಸಿಗುವುದು ಬೇರೆ ಬೇರೆ ಸರಕು. ಕಪ್ಪು ಪುಡಿ, ಬೆಳ್ಳುಳ್ಳಿ ವಾಸನೆ ಬರುವುದು ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಗುಲಿದ ಕೂಡಲೇ ಅದರಿಂದ ಫಾಸ್ಫೀನ್ ಅನ್ನುವ ವಿಷಾನಿಲ ಹೊರಡುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಗದ್ದೆಯ ಬಿಲಗಳಿಗೆ ಇದನ್ನು ಬಳಸುವ ಕ್ರಮ ಇದೆ. ಎರಡು ದಿನ ವಿಷವಿಲ್ಲದ ಆಹಾರ ಹಾಕಿ ಇಲಿಗೆ ರೂಢಿ ಮಾಡಿಸಿ ಆಮೇಲೆ ವಿಷದ್ದು ಇಡುತ್ತಾರೆ, ಏಕೆಂದರೆ ಒಮ್ಮೆ ತಿಂದು ಬದುಕಿದ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ. ಕೊಟ್ಟಿಗೆಗೆ ಮಾತ್ರ ಇದು ಬೇಡವೇ ಬೇಡ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟ್ ಇನ್ನೂ ಕೆಟ್ಟದ್ದು. ಯಕೃತ್ತನ್ನೇ ಹಾಳುಮಾಡುತ್ತದೆ, ಅದಕ್ಕೂ ಪ್ರತಿವಿಷ ಇಲ್ಲ. ನೋಡಲು ಟೂತ್‌ಪೇಸ್ಟ್ ತರಹ ಇರುವ ಈ ವಸ್ತು ಮಕ್ಕಳಿರುವ ಮನೆಯೊಳಗೆ ಬರಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಾಳಿನ ಮೂಟೆಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಕೊಟ್ಟಿಗೆ ಪಕ್ಕದ ಬಿಲಕ್ಕೆ ತುರುಕುವವರೂ ಇದ್ದಾರೆ. ಅದರ ಮಾರಾಟ, ಬಳಕೆಗೆ ಕಾನೂನಿನ ನಿರ್ಬಂಧ ಇದೆ, ಯಾರೋ ತಂದುಕೊಟ್ಟರು ಅಂತ ಬಳಸುವ ವಸ್ತು ಅದಲ್ಲ. ಬಿಲ ಎಲ್ಲಿಗೆ ಹೋಗಿ ತೆರೆಯುತ್ತದೋ ಅನಿಲವೂ ಅಲ್ಲಿಗೇ ಬರುತ್ತದೆ.

ಉಳಿದದ್ದು ಬ್ರೊಮಾಡಿಯೊಲೋನ್. ನೀವು ಆರ್ಡರ್ ಮಾಡಿದ ಕೇಕು ಬಹುತೇಕ ಇದೇ. ಪ್ಯಾಕೆಟ್ಟಿನಲ್ಲಿ 0.005% ಅಂತ ಬರೆದಿರುತ್ತದೆ, ಅಂದರೆ ಒಂದು ಕೆ.ಜಿ. ಆಮಿಷದಲ್ಲಿ 50 ಮಿಲಿಗ್ರಾಂ ವಿಷ. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂದ ಇಲಿ ಕೆಲವು ದಿನ ಆರಾಮಾಗಿ ಓಡಾಡಿಕೊಂಡಿದ್ದು, ಆಮೇಲೆ ಒಳಗೊಳಗೇ ರಕ್ತಸ್ರಾವವಾಗಿ ಸಾಯುತ್ತದೆ. ಇದಕ್ಕೆ ಮದ್ದಿದೆ, ವಿಟಮಿನ್ ಕೆ1. ಕೊಟ್ಟಿಗೆಯಲ್ಲಿ ವಿಷ ಇಡಲೇಬೇಕು ಅಂತಾದರೆ ಇದೊಂದನ್ನೇ ಆರಿಸಿಕೊಳ್ಳಬೇಕಾದ ಕಾರಣವೂ ಅದೇ.

ಈ ಜಾತಿಯ ವಿಷ ಪತ್ತೆಯಾಗಿದ್ದು ಹಸುಗಳಿಂದ ಅನ್ನುವುದು ಸೋಜಿಗದ ವಿಷಯ. 1933ರ ಫೆಬ್ರುವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಒಬ್ಬ ರೈತ, ಹಿಮಬಿರುಗಾಳಿಯ ನಡುವೆ ಸತ್ತ ಕಡಸು, ಒಂದು ಹಾಲಿನ ಕ್ಯಾನ್ ತುಂಬ ಹೆಪ್ಪುಗಟ್ಟದ ರಕ್ತ ಮತ್ತು ಹಾಳಾದ ಮೇವನ್ನು ಹೊತ್ತು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದ. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಸೊಪ್ಪು ತಿಂದ ಅವನ ರಾಸುಗಳು ರಕ್ತ ಸೋರಿ ಸಾಯುತ್ತಿದ್ದವು. ಕಾರ್ಲ್ ಪಾಲ್ ಲಿಂಕ್ ಅನ್ನುವ ರಸಾಯನ ವಿಜ್ಞಾನಿಯ ತಂಡ ವರ್ಷಗಟ್ಟಲೆ ಹುಡುಕಿ ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿತು. ಅದರ ಜಾಡಿನಲ್ಲೇ ವಾರ್ಫರಿನ್ ಹುಟ್ಟಿ, 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ಬ್ರೊಮಾಡಿಯೊಲೋನ್ ಅದರ ಮುಂದಿನ ತಲೆಮಾರು, ಇನ್ನಷ್ಟು ಬಲವಾದದ್ದು. ರಾಸುಗಳನ್ನು ಕೊಂದ ವಸ್ತುವಿನ ವಂಶವನ್ನೇ ನಾವು ರಾಸುಗಳ ಮಧ್ಯೆ ಇಡುತ್ತಿದ್ದೇವೆ ಅನ್ನೋದು ನೆನಪಿರಲಿ.

ಹಾಗಂತ ಇಲಿಯನ್ನು ಸುಮ್ಮನೆ ಬಿಡುವಂತಿಲ್ಲ. ತಿಂದು ಹಾಳುಮಾಡುವುದಕ್ಕಿಂತ ಅದು ಉಚ್ಚೆ ಹೊಯ್ದು ಕೆಡಿಸುವುದೇ ಹೆಚ್ಚು. ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಹರಡುವುದು ಆ ಮೂತ್ರದಿಂದಲೇ. ಹಸುವಿಗೆ ಬಂದರೆ ಗಬ್ಬ ಹೋಗಬಹುದು, ಹಾಲು ಇಳಿಯಬಹುದು. ಒಡೆದ ಹಿಮ್ಮಡಿಯಲ್ಲಿ, ಬರಿಗಾಲಲ್ಲಿ ಕೊಟ್ಟಿಗೆ ಗುಡಿಸುವ ಅವ್ವನಿಗೂ ಬರಬಹುದು. ಕೇಕಿನ ಜೊತೆ ಒಂದು ಜೊತೆ ಗಂಬೂಟನ್ನೂ ಆರ್ಡರ್ ಮಾಡಿ. ಹಾಕಿಕೊಳ್ಳುವುದಿಲ್ಲ ಅಂತ ಬೈಯುತ್ತಾರೆ, ಆದರೂ ಮಾಡಿ.

ಮೊದಲ ಕೆಲಸ ವಿಷದ್ದಲ್ಲ, ಊಟ ನಿಲ್ಲಿಸುವುದು. ಎದುರಿಗೆ ಐವತ್ತು ಕೆ.ಜಿ. ಪಶು ಆಹಾರ ಬಾಯಿ ತೆರೆದು ಕೂತಿರುವಾಗ ಇಲಿ ನಿಮ್ಮ ಕೇಕನ್ನು ಯಾಕೆ ಮುಟ್ಟಬೇಕು? ಹಿಂದಿನವರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಡುತ್ತಿದ್ದರು. ಈಗ ನಮ್ಮ ಮೂಟೆಗಳೆಲ್ಲ ಗೋಡೆಗೆ ಒರಗಿಕೊಂಡಿವೆ. ಮುಚ್ಚಳ ಇರುವ ಹಳೇ ಕಬ್ಬಿಣದ ಡ್ರಮ್ ಎರಡು ತಂದರೆ ಸಾಕು, ಅರ್ಧ ಸಮಸ್ಯೆ ಮುಗಿಯಿತು (ಔಷಧಿ ತುಂಬಿದ್ದ ಡ್ರಮ್ ಬೇಡ). ಉಳಿದ ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ. ಅರ್ಧ ಇಂಚಿನ ಸಂದಿ ಇದ್ದರೂ ಇಲಿ ನುಗ್ಗುತ್ತದೆ, ಬಾಗಿಲ ಕೆಳಗೆ ತಗಡು ಹೊಡೆಸಿ, ತೂತಿಗೆ ಸಿಮೆಂಟು ತುಂಬಿಸಿ. ರಾತ್ರಿ ಗೋದಲಿಯಲ್ಲಿ ಉಳಿದ ಬೂಸಾ ಎತ್ತಿಬಿಡಿ. ಇಲಿ ನಾಲ್ಕೈದೇ ಇದ್ದರೆ ಬೋನೇ ಸಾಕು, ವಿಷದ ಮಾತೇ ಬೇಡ.

ಇಷ್ಟಾದ ಮೇಲೂ ಕಾಟ ನಿಲ್ಲದಿದ್ದರೆ ಕೇಕಿಗೆ ಕೈಹಾಕಿ. ಬಿಡಿಯಾಗಿ ಮಾತ್ರ ಇಡಬೇಡಿ. ಬೀಗ ಇರುವ ಪ್ಲಾಸ್ಟಿಕ್ ಆಮಿಷದ ಪೆಟ್ಟಿಗೆ ನೀವು ಕೇಕ್ ಕೊಂಡ ಆ್ಯಪ್‌ನಲ್ಲೇ ಸಿಗುತ್ತದೆ. ಇಲ್ಲವಾದರೆ ಮೂರಿಂಚಿನ ಪಿವಿಸಿ ಪೈಪು, ಎರಡಡಿ ಉದ್ದದ್ದು, ಗೋಡೆಗುಂಟ ತಂತಿಯಿಂದ ಬಿಗಿಯಾಗಿ ಕಟ್ಟಿ. ಇಲಿ ಗೋಡೆ ಸವರಿಕೊಂಡೇ ಓಡುತ್ತದೆ, ನಡುಮನೆಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಕೇಕನ್ನು ಪೈಪಿನ ಮಧ್ಯೆ ತಂತಿಗೆ ಪೋಣಿಸಿ, ಕಚ್ಚಿಕೊಂಡು ಹೋಗಲಾಗಬಾರದು. ಗೋದಲಿ, ನೀರಿನ ತೊಟ್ಟಿ, ಮೇವಿನ ಹತ್ತಿರ ಬೇಡ. ಕರುವಿನ ನಾಲಿಗೆ, ಕೋಳಿಯ ಕೊಕ್ಕು ತಲುಪುವ ಜಾಗವೂ ಬೇಡ. ಕೈಗೆ ಗ್ಲೌಸ್ ಇರಲಿ.

ಪ್ರತಿ ಪೆಟ್ಟಿಗೆಗೂ ಮಾರ್ಕರ್‌ನಲ್ಲಿ ನಂಬರ್ ಬರೆದು, ಎಲ್ಲಿ ಎಷ್ಟು ತುಂಡು ಇಟ್ಟಿರಿ ಅಂತ ಫೋಟೊ ತೆಗೆದು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ. ದೂರದಲ್ಲಿರುವ ನೀವು ಮಾಡಬಹುದಾದ ದೊಡ್ಡ ಸಹಾಯ ಇದೇ. ಹೊಸ ವಸ್ತು ಕಂಡರೆ ಇಲಿಗೆ ಅನುಮಾನ, ಮೊದಲ ಕೆಲವು ದಿನ ಹತ್ತಿರ ಬರದಿದ್ದರೆ ಅವಸರಪಡಬೇಡಿ. ಎರಡು ದಿನಕ್ಕೊಮ್ಮೆ ನೋಡಿ, ತಿಂದಷ್ಟು ತುಂಬಿಸಿ. ತಿನ್ನುವುದು ನಿಂತ ಮೇಲೆ ಎಲ್ಲ ಪೆಟ್ಟಿಗೆಯನ್ನೂ ಎಣಿಸಿ ವಾಪಸ್ ತೆಗೆಯಿರಿ. ವರ್ಷವಿಡೀ ಇಟ್ಟುಕೊಂಡಿರುವುದು ತಪ್ಪು.

ಸತ್ತ ಇಲಿಯನ್ನು ತಿಪ್ಪೆಗೆ ಎಸೆಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಬ್ರೊಮಾಡಿಯೊಲೋನ್ ಇಲಿಯ ಯಕೃತ್ತಿನಲ್ಲಿ ಉಳಿದಿರುತ್ತದೆ. ಅದನ್ನು ತಿಂದ ನಾಯಿ, ಬೆಕ್ಕು, ಗೂಬೆಗೂ ಆ ವಿಷ ಹೋಗುತ್ತದೆ. ನಾಗರಹೊಳೆ ಅಂಚಿನ ಹುಣಸೂರು, ಕೋಟೆ ಊರುಗಳಲ್ಲಿ ಕೊಟ್ಟಿಗೆಯ ಸತ್ತ ಇಲಿ ಕಾಡುಬೆಕ್ಕಿನ ಹೊಟ್ಟೆ ಸೇರುವುದು ದೊಡ್ಡ ಮಾತೇನಲ್ಲ. ಇಲಿ ತಿನ್ನಲೆಂದೇ ಇರುವ ಕಣಜ ಗೂಬೆಯನ್ನು ಅಪಶಕುನ ಅಂತ ಓಡಿಸಿ, ಕೇರೆ ಹಾವನ್ನು ಕಂಡಲ್ಲಿ ಹೊಡೆದು, ಆಮೇಲೆ ಅಂಗಡಿಗೆ ಹೋಗಿ ವಿಷ ತರುವ ನಮ್ಮ ಲೆಕ್ಕಾಚಾರ ನನಗಂತೂ ಅರ್ಥವಾಗಿಲ್ಲ. ಸತ್ತ ಇಲಿ ಸಿಕ್ಕ ದಿನವೇ ಎರಡಡಿ ಆಳಕ್ಕೆ ಹೂತುಬಿಡಿ.

ಇನ್ನು, ತಿಂದೇಬಿಟ್ಟರೆ? ಕೇಕಿನ ವಿಷಯದಲ್ಲಿ ಮೋಸ ಹೋಗುವುದು ಇಲ್ಲಿ. ನಾಯಿ ಅಂದು ಚೆನ್ನಾಗೇ ಇರುತ್ತದೆ, ನಾಳೆಯೂ ಇರುತ್ತದೆ. ಮೂರ್ನಾಲ್ಕು ದಿನಕ್ಕೆ ವಸಡು ಬಿಳಿಚಿಕೊಂಡು, ಮೂಗಲ್ಲಿ ರಕ್ತ ಬಂದು, ಏದುಸಿರು ಶುರುವಾದಾಗ ತುಂಬ ತಡವಾಗಿರುತ್ತದೆ. ತಿಂದದ್ದು ಗೊತ್ತಾದ ಗಳಿಗೆಯಲ್ಲೇ ಪಶುವೈದ್ಯರಿಗೆ ಫೋನ್ ಮಾಡಿ, ಇಲ್ಲವೇ ಪಶು ಸಂಜೀವಿನಿಯ 1962ಕ್ಕೆ. ವಿಟಮಿನ್ ಕೆ1 ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ, ಎರಡು ದಿನಕ್ಕೆ ಹುಷಾರಾಯಿತು ಅಂತ ನಿಲ್ಲಿಸಬೇಡಿ. ಹಸು ತಿಂದಿದ್ದರೆ ವೈದ್ಯರು ಹೇಳುವವರೆಗೆ ಅದರ ಹಾಲನ್ನು ಡೈರಿಗೂ ಹಾಕಬೇಡಿ, ಮನೆಯಲ್ಲೂ ಕುಡಿಯಬೇಡಿ. ಕಪ್ಪು ಪುಡಿ ತಿಂದ ನಾಯಿ ವಾಂತಿ ಮಾಡಿದರೆ ಆ ಗಾಳಿಯೂ ವಿಷ, ಕಾರಿನ ಕಿಟಕಿ ತೆರೆದೇ ಕರೆದೊಯ್ಯಿರಿ. ಮಗುವಿನ ಬಾಯಿಗೆ ಹೋಗಿದೆ ಅನ್ನುವ ಅನುಮಾನ ಬಂದರೂ ಸಾಕು, 108. ಮಗು ಆಟವಾಡುತ್ತಿದ್ದರೂ ಕಾಯಬೇಡಿ. ಹಾಲು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ.

ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ, ಯಾವ ವಿಷ? ಸಂತೆಯಲ್ಲಿ ತಂದ ಲೇಬಲ್ಲಿಲ್ಲದ ಪೊಟ್ಟಣವಾದರೆ ಅದಕ್ಕೆ ಉತ್ತರ ಇರುವುದಿಲ್ಲ. ಪ್ಯಾಕೆಟ್ ಬಿಸಾಡದೆ ಕೇಕಿನ ಜೊತೆಗೇ ಬೀಗದಲ್ಲಿ ಇಡಲು ಹೇಳಿ. ಅದರ ಎರಡೂ ಬದಿಯ ಫೋಟೊ ನಿಮ್ಮ ಫೋನಿನಲ್ಲೂ ಇರಲಿ.