ಅಪ್ಪನ ಲಾರಿ, ಮಗನ ಕಾರು

ಕಳೆದ ಚಳಿಗಾಲದಲ್ಲಿ ಮೂರು ವಾರ ನಮ್ಮ ಮನೆಯಲ್ಲಿ ಯಾರೂ ಮೇಜಿನ ಮೇಲೆ ಊಟ ಮಾಡಲಿಲ್ಲ. ಅಲ್ಲಿ ಮಗನ ರಿಮೋಟ್ ಕಾರು ಕೈಕಾಲು ಬಿಚ್ಚಿಕೊಂಡು ಮಲಗಿತ್ತು.

ಅಂಗಡಿಯ ಆಟಿಕೆ ಎಂದುಕೊಳ್ಳಬೇಡಿ. ಇದು ನಿಜವಾದ ಕಾರಿನ ಹತ್ತನೇ ಒಂದು ಅಳತೆಯ ಯಂತ್ರ. ಬಿಡಿಭಾಗಗಳು ಪೊಟ್ಟಣಗಳಲ್ಲಿ ಬರುತ್ತವೆ, ಜೋಡಿಸುವ ಭಾಗ್ಯ ನಮ್ಮದು. ಜಪಾನಿನ ಟಮಿಯಾ ಕಂಪನಿ 1976ರಲ್ಲಿ ತನ್ನ ಮೊದಲ ರಿಮೋಟ್ ಕಾರು ಪೋರ್ಷೆ 934 ಅನ್ನು ತಂದದ್ದೂ ಹೀಗೆ ಕಿಟ್ ರೂಪದಲ್ಲೇ. ಮಿಷಿಗನ್ನಿನ ಹಿಮದಲ್ಲಿ ಹೊರಗೆ ಆಡಲಾಗದ ಹುಡುಗರು ಕಾರ್ಪೆಟ್ ಹಾಸಿದ ಒಳಾಂಗಣ ಟ್ರ್ಯಾಕಿನಲ್ಲಿ ಇವನ್ನು ಓಡಿಸುತ್ತಾರೆ. ನಮ್ಮ ಯಜಮಾನರು ಕೆಲಸದ ಮೇಲೆ ಊರೂರು ಸುತ್ತುವವರು. ಹಾಗಾಗಿ ಸ್ಕ್ರೂಡ್ರೈವರ್ ನನ್ನ ಕೈಗೇ ಬಂತು.

ಡ್ರೈವ್‌ಶಾಫ್ಟಿನ ತನಕ ಎಲ್ಲವೂ ಸರಾಗ. ಮೋಟಾರಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಸರಳು ಅದು. ಚಕ್ರ ಎಡಬಲಕ್ಕೆ ತಿರುಗಿದರೂ ಸುತ್ತುತ್ತಲೇ ಇರಬೇಕಾದ್ದರಿಂದ ಅದರ ತುದಿಯಲ್ಲೊಂದು ಕೀಲು. ಸರಳಿನ ತುದಿಯ ತೂತಿನಲ್ಲಿ ಕಡಲೆಕಾಳಿನಷ್ಟು ಪುಟ್ಟ ಉಕ್ಕಿನ ಉರುಳೆಯನ್ನು ಕೂರಿಸಬೇಕು. ಅದನ್ನು ಚಕ್ರದ ಅಚ್ಚಿನ ಬಟ್ಟಲೊಳಗೆ ಇಳಿಸಿ, ತೂತುಗಳನ್ನು ಒಂದೇ ನೇರಕ್ಕೆ ತಂದು, ಅಡ್ಡಲಾಗಿ ಪಿನ್ನು ತೂರಿಸಬೇಕು. ಪಿನ್ನು ಜಾರದಂತೆ ಹೆಸರುಕಾಳಿಗಿಂತ ಚಿಕ್ಕದಾದ, ತಲೆಯೇ ಇಲ್ಲದ ತಿರುಪನ್ನು 1.5 ಮಿ.ಮೀ. ಅಲೆನ್ ಕೀಯಿಂದ ಬಿಗಿಯಬೇಕು. ಪಿನ್ನಿನ ನಡುವಿನ ಚಪ್ಪಟೆ ಜಾಗದ ಮೇಲೇ ಅದು ಒತ್ತಿ ಕೂರಬೇಕು.

ತಿರುಪಿಗೆ ಥ್ರೆಡ್‌ಲಾಕ್ ಎಂಬ ನೀಲಿ ಅಂಟು ಹಚ್ಚಿ ಎಂದು ಪುಸ್ತಕದಲ್ಲಿತ್ತು. ಇಷ್ಟು ಬಿಗಿ ಮಾಡಿದ ಮೇಲೆ ಅಂಟು ಬೇರೆ ಯಾಕೆ ದಂಡಕ್ಕೆ ಎಂದು ಬಿಟ್ಟುಬಿಟ್ಟೆ.

ಪಂದ್ಯದ ದಿನ ಎರಡನೇ ಸುತ್ತಿನಲ್ಲೇ ತಿರುಪು ಅದುರಿ ಸಡಿಲವಾಗಿ, ಪಿನ್ನು ಎತ್ತಲೋ ಹಾರಿಹೋಯಿತು. ಕಾರು ನಿಂತಲ್ಲೇ ನಿಂತಿತು. ಹನ್ನೊಂದು ವರ್ಷದ ಹುಡುಗ ಬಯ್ಯಲೂ ಇಲ್ಲ, ಅಳಲೂ ಇಲ್ಲ. ಮನೆಯವರೆಗೂ ಕಿಟಕಿಯಾಚೆ ನೋಡುತ್ತ ಕುಳಿತಿದ್ದ. ಬೈದಿದ್ದರೆ ವಾಸಿಯಿತ್ತು.

ಎರಡನೇ ಸಲ, ಹೊಸ ಪಿನ್ನು ಹಾಕಿ ಅಂಟನ್ನು ಧಾರಾಳವಾಗಿ ಸುರಿದೆ. ಈ ಅಂಟು ಗಾಳಿಯಾಡದ ಕಡೆ, ಲೋಹ ಲೋಹದ ನಡುವೆ ಗಟ್ಟಿಯಾಗುವಂಥದ್ದು. ಕೀಲಿನೊಳಕ್ಕೂ ಇಳಿದು, ಬೆಳಗಾಗುವುದರೊಳಗೆ ಕೀಲು ಸೆಟೆದುಕೊಂಡಿತ್ತು!

ಅರಸೀಕೆರೆಗೆ ವಿಡಿಯೋ ಕರೆ ಮಾಡಿದೆ. ನಮ್ಮಪ್ಪ ಅಲ್ಲಿ ಲಾರಿ ಗ್ಯಾರೇಜ್ ನಡೆಸಿದವರು. ಚಿಕ್ಕಂದಿನಲ್ಲಿ ನಾನು ಅಲ್ಲಿಗೆ ಕಾಫಿ ಫ್ಲಾಸ್ಕ್ ಒಯ್ಯುತ್ತಿದ್ದೆ. ಸ್ಪ್ಯಾನರ್ ಮುಟ್ಟಿದರೆ "ಹೆಣ್ಣುಮಕ್ಕಳಿಗೆ ಯಾಕಮ್ಮ ಗ್ರೀಸು, ಮನೆಗೆ ನಡಿ" ಎನ್ನುತ್ತಿದ್ದರು. ತಮ್ಮನಿಗೆ ಆ ಮಾತಿರಲಿಲ್ಲ.

ಕೀಲನ್ನು ಕ್ಯಾಮೆರಾಕ್ಕೆ ಹಿಡಿದೆ. ಕನ್ನಡಕ ಹಾಕಿಕೊಂಡು ನೋಡಿ ನಕ್ಕುಬಿಟ್ಟರು. "ಇದು ನಮ್ಮ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಕಣಮ್ಮ! ಅಲ್ಲಿ ಲಾಕ್ ಹಾಕ್ತೀವಿ, ನಿನ್ನದಕ್ಕೆ ಅಂಟು. ಬಿಗಿ ಇರಬೇಕಾದ್ದು ಬಿಗಿ ಇರ್ಲಿ, ಆಡಬೇಕಾದ್ದು ಆಡ್ಲಿ. ಎರಡನ್ನೂ ಕಲಸಬೇಡ."

ಅವರು ಹೇಳಿದಂತೆ ಬಿಸಿ ಸಾಲ್ಡರಿಂಗ್ ಕಡ್ಡಿಯನ್ನು ತಿರುಪಿಗೆ ಒತ್ತಿ ಹಿಡಿದೆ. ಅಂಟು ಮೆತ್ತಗಾಗಿ ತಿರುಪು ಬಿಟ್ಟುಕೊಂಡಿತು. ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ, ಈ ಬಾರಿ ತಿರುಪಿನ ಮರೆಗಳಿಗೆ ಮಾತ್ರ ಒಂದೇ ತೊಟ್ಟು ಅಂಟು ಮುಟ್ಟಿಸಿ, ಒಂದು ದಿನ ಹಾಗೇ ಬಿಟ್ಟೆ.

ಪಕ್ಕದಲ್ಲಿದ್ದ ಮಗ ಹರುಕುಮುರುಕು ಕನ್ನಡದಲ್ಲಿ ಕೇಳಿದ: "ತಾತ, ಪೂರ್ತಿ ತಿರುಗಿಸಿದಾಗ ಚಕ್ರ ಯಾಕೆ ನಡುಗುತ್ತೆ?" ಹೈಸ್ಕೂಲಿನಲ್ಲಿ ಸ್ಪ್ರಿಂಗಿನ ನಿಯಮ ಕಲಿತೆವಲ್ಲ, ಆ ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಈ ಕೀಲಿನ ಬಗ್ಗೆ ಬರೆದಿದ್ದಾನೆ. ಕೀಲು 30 ಡಿಗ್ರಿ ಬಾಗಿದಾಗ ಸರಳು ಒಂದೇ ಸಮನೆ ಸುತ್ತಿದರೂ ಚಕ್ರ ಪ್ರತಿ ಸುತ್ತಿನಲ್ಲಿ ಎರಡು ಸಲ ಸುಮಾರು ಶೇ. 15ರಷ್ಟು ಮುಂದೋಡುತ್ತದೆ, ಎರಡು ಸಲ ಶೇ. 13ರಷ್ಟು ಹಿಂದುಳಿಯುತ್ತದೆ. ಅಪ್ಪನಿಗೆ ಈ ಲೆಕ್ಕ ಬೇಕಿಲ್ಲ. "ಲಾರಿಲಿ ಎರಡು ಕ್ರಾಸು ಇರುತ್ತೆ ಮಗಾ. ಬಾಣದ ಗುರುತು ನೋಡಿ ಎದುರುಬದರು ಸರಿಯಾಗಿ ಕೂರಿಸಿದರೆ ಒಂದರ ತಪ್ಪನ್ನ ಇನ್ನೊಂದು ತಿದ್ದುತ್ತೆ. ನಿಂದು ತಿರುವಲ್ಲಿ ಚಕ್ರದ ಕಡೆ ಒಂದೇ ಬಾಗೋದು, ಅದಕ್ಕೇ ನಡುಕ." ತಾತ ಮೊಮ್ಮಗ ಅಂದು ಮುಕ್ಕಾಲು ಗಂಟೆ ಮಾತಾಡಿದರು. ಅದುವರೆಗೆ ಅವರ ಮಾತು "ಊಟ ಆಯ್ತಾ" ದಾಟುತ್ತಿರಲಿಲ್ಲ.

ಮುಂದಿನ ಪಂದ್ಯದಲ್ಲಿ ಮಗ ಆರನೆಯವನಾಗಿ ಬಂದ. ಕೀಲು ಮಾತ್ರ ಕೊನೆಯ ಸುತ್ತಿನವರೆಗೂ ಗಟ್ಟಿಯಾಗಿತ್ತು. ಸುದ್ದಿ ತಿಳಿಸಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಗಲೇ ನಿನ್ನ ಕೈಗೂ ಒಂದು ಸ್ಪ್ಯಾನರ್ ಕೊಡಬೇಕಾಗಿತ್ತು ಕಣಮ್ಮ" ಎಂದರು.

ಈಗಲೂ ತಡವೇನಾಗಿಲ್ಲ ಎಂದೆ. ಈ ಚಳಿಗಾಲ ನಿಮ್ಮ ಮಕ್ಕಳನ್ನೂ ಟ್ರ್ಯಾಕಿಗೆ ಕರೆತನ್ನಿ, ಹುಡುಗಿಯರನ್ನಂತೂ ತಪ್ಪದೆ. ನೀಲಿ ಅಂಟು ನಾನು ತರುತ್ತೇನೆ. ಒಂದೇ ತೊಟ್ಟು ಸಾಕು!