ನಾಲ್ಕು ದಿನ ಕೆಲಸದ ಮೇಲೆ ಊರು ಬಿಟ್ಟರೆ ಸೈಕಲ್ ರೇಸಿನ ದಮ್ಮು ಇಳಿದುಹೋಗುತ್ತದೆಯೇ?

"ಮೂರು ದಿನ ಸೈಕಲ್ ಮುಟ್ಟದಿದ್ದರೆ ಮೂರು ತಿಂಗಳ ಅಭ್ಯಾಸ ನೀರಲ್ಲಿ ಹೋಮ." ಸೈಕಲ್ ಹವ್ಯಾಸದವರ ಗ್ರೂಪುಗಳಲ್ಲಿ ಇಂಥ ಮಾತು ಸುತ್ತುತ್ತಲೇ ಇರುತ್ತದೆ. ಇದನ್ನು ನಂಬಿದ ಕೆಲವರು, ಕಂಪನಿ ಕೆಲಸಕ್ಕೆ ಊರೂರು ಅಲೆಯುವ ನಮಗೆಲ್ಲಿಯ ರೇಸು ಎಂದು ಸೈಕಲ್ಲನ್ನೇ ಮೂಲೆಗೆ ನಿಲ್ಲಿಸುತ್ತಾರೆ. ಇನ್ನು ಕೆಲವರು ತಪ್ಪಿದ ಅಭ್ಯಾಸವನ್ನೆಲ್ಲ ಒಂದೇ ದಿನ ತೀರಿಸಲು ಹೋಗುತ್ತಾರೆ. ಅಪಾಯ ಇರುವುದು ಇಲ್ಲಿ.

ಮುದನಾಳದ ಕಡೆಯ ಒಬ್ಬ ಬೀಜ ಕಂಪನಿ ಪ್ರತಿನಿಧಿ ಎಂದಿಟ್ಟುಕೊಳ್ಳಿ. ಬೆಳಗಿನ ತಂಪಿನಲ್ಲಿ ಶಹಾಪುರ ರಸ್ತೆಯಲ್ಲಿ ಸೈಕಲ್ ಹೊಡೆಯುವವರು. ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನಲ್ಲಿ ಮೀಟಿಂಗ್, ಭಾನುವಾರ ಅಲ್ಲಿಯೇ ರೇಸು. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನಂಥ ಹವ್ಯಾಸಿ ರೇಸುಗಳಲ್ಲಿ ಓಡುವವರಲ್ಲಿ ಅನೇಕರು ನೌಕರಿಯವರೇ. ಹಾಗಾದರೆ ಈ ಐದು ದಿನದಲ್ಲಿ ಇವರು ಕಳೆದುಕೊಳ್ಳುವುದೇನು?

ಹೆಚ್ಚೇನೂ ಇಲ್ಲ. 1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು, ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಸೈಕಲ್ ಸವಾರರು ಮತ್ತು ಓಟಗಾರರ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿ ನೋಡಿದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೂರು ವಾರಕ್ಕೆ ಇಳಿದದ್ದು ಶೇ. 7ರಷ್ಟು. 56 ದಿನಕ್ಕೆ ಶೇ. 16ರಷ್ಟು ಇಳಿದು ನಿಂತಿತು. ಮೂರು ದಿನಕ್ಕೆ ಎಲ್ಲ ಹೋಗುತ್ತದೆ ಎಂಬುದಕ್ಕೂ ಇದಕ್ಕೂ ಎಲ್ಲಿಯ ಸಂಬಂಧ?

ಇದಕ್ಕಿಂತ ಉಪಯೋಗದ ವಿಷಯ ರಾಬರ್ಟ್ ಹಿಕ್ಸನ್ 1980ರ ದಶಕದ ಮೊದಲಲ್ಲಿ ಕಂಡುಕೊಂಡದ್ದು. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಅಭ್ಯಾಸ ಮಾಡಿದವರಲ್ಲಿ ಕೆಲವರು ಅದನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರು. ಇನ್ನೊಂದು ಪ್ರಯೋಗದಲ್ಲಿ ದಿನಗಳನ್ನು ಹಾಗೇ ಬಿಟ್ಟು ಅವಧಿಯನ್ನು 13 ನಿಮಿಷಕ್ಕೆ ಇಳಿಸಲಾಯಿತು. ಎರಡರಲ್ಲೂ ಆ ಸಾಮರ್ಥ್ಯ 15 ವಾರ ಹೆಚ್ಚುಕಡಿಮೆ ಉಳಿಯಿತು. ಆದರೆ ತುಳಿಯುವ ಜೋರನ್ನೇ ಮೂರನೇ ಒಂದರಷ್ಟು ತಗ್ಗಿಸಿದಾಗ ಇಳಿಯಿತು. ದಿನ ಕಡಿಮೆಯಾದರೂ, ಹೊತ್ತು ಕಡಿಮೆಯಾದರೂ ದೇಹ ಸಹಿಸುತ್ತದೆ, ಜೋರು ಕಡಿಮೆಯಾದರೆ ಸಹಿಸುವುದಿಲ್ಲ.

ಹಾಗಾಗಿ ಐದು ದಿನದ ಪ್ರವಾಸದಲ್ಲಿ ಎರಡು ಸಲ ಅರ್ಧ ಗಂಟೆ ಸಿಕ್ಕರೆ ಸಾಕು. ಹೋಟೆಲಿನ ಜಿಮ್‌ ಸೈಕಲ್ಲಿನಲ್ಲಿ ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಮೂರು ನಿಮಿಷ ಏದುಸಿರು ಬರುವಂತೆ, ಮೂರು ನಿಮಿಷ ನಿಧಾನ, ಹೀಗೆ ಮೂರ್ನಾಲ್ಕು ಸುತ್ತು. ಜಿಮ್ ಇಲ್ಲದಿದ್ದರೆ ಮೆಟ್ಟಿಲಿದೆ. ರೇಸಿಗೆ ಬಾಡಿಗೆ ಸೈಕಲ್ ತೆಗೆದುಕೊಳ್ಳುವುದಾದರೆ ನಿಮ್ಮ ಸೈಕಲ್ಲಿನ ಸೀಟಿನ ಎತ್ತರವನ್ನು ಟೇಪಿನಲ್ಲಿ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮೊಣಕಾಲು ನೋವು ಅರ್ಧ ಅಲ್ಲಿಯೇ ತಪ್ಪುತ್ತದೆ.

ಸ್ವಂತ ಸೈಕಲ್ಲನ್ನು ವಿಮಾನದಲ್ಲಿ ಒಯ್ಯುವವರನ್ನು ಹೆದರಿಸುವ ಇನ್ನೊಂದು ಮಾತಿದೆ: ಗಾಳಿ ತೆಗೆಯದಿದ್ದರೆ ಆಕಾಶದಲ್ಲಿ ಟಯರ್ ಸಿಡಿಯುತ್ತದಂತೆ. ಪ್ರಯಾಣಿಕ ವಿಮಾನದ ಸಾಮಾನು ಕೋಣೆಯಲ್ಲೂ ನೀವು ಕೂರುವಲ್ಲಿ ಇರುವಷ್ಟೇ ಗಾಳಿಯ ಒತ್ತಡ ಇರುತ್ತದೆ. ನೆಲದ ಮೇಲಿನದಕ್ಕಿಂತ ಅದು ನಾಲ್ಕು ಪಿಎಸ್ಐಯಷ್ಟು ಕಡಿಮೆ. ಅಂದರೆ 100 ಪಿಎಸ್ಐ ತುಂಬಿದ ಟಯರು 104 ಇದ್ದಂತೆ ವರ್ತಿಸುತ್ತದೆ, ಅಷ್ಟೇ. ಆದರೂ ಕಂಪನಿ ಗಾಳಿ ಇಳಿಸಿ ಎಂದರೆ ಇಳಿಸಿ, ಕೌಂಟರಿನಲ್ಲಿ ಭೌತಶಾಸ್ತ್ರ ಹೇಳುತ್ತ ನಿಂತರೆ ವಿಮಾನ ತಪ್ಪೀತು. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿರಲಿ.

ನಿದ್ದೆಯ ವಿಷಯ ಮಾತ್ರ ಹಗುರವಲ್ಲ. ಒಂದು ರಾತ್ರಿ ನಿದ್ದೆಗೆಟ್ಟರೆ ಕಾಲಿನ ಬಲವೇನೂ ಅಷ್ಟಾಗಿ ಕುಗ್ಗುವುದಿಲ್ಲ, ಅದಕ್ಕೇ "ನನಗೇನೂ ಆಗಿಲ್ಲ" ಅನಿಸುತ್ತದೆ. ಕುಗ್ಗುವುದು ಎಚ್ಚರ. ಸತತ 17 ಗಂಟೆ ಎದ್ದಿದ್ದವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇದ್ದವರಷ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ತೋರಿಸಿದರು. ನಮ್ಮಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ ಶೇ. 0.03! ಯಾದಗಿರಿಯಲ್ಲಿ ರಾತ್ರಿ ರೈಲು ಹತ್ತಿ, ಬಾಗಿಲ ಬಳಿ ತೂಕಡಿಸುತ್ತ ಬೆಂಗಳೂರು ಸೇರಿ, ಇಳಿದವರೇ ಇಪ್ಪತ್ತು ಮೂವತ್ತು ಜನರ ಗುಂಪಿನಲ್ಲಿ ಇಳಿಜಾರು ಹೊಡೆಯುವುದೆಂದರೆ ಹೀಗೆ. ಮುಂದಿನ ಚಕ್ರಕ್ಕೂ ನಿಮ್ಮದಕ್ಕೂ ಇರುವುದು ಗೇಣುದ್ದ ಜಾಗ, ಮತ್ತು ಬೀಳುವವರು ನೀವೊಬ್ಬರೇ ಅಲ್ಲ. ಹಿಂದಿನ ದಿನವೇ ಹೋಗಿ ಮಲಗಿ. ಆಗದಿದ್ದರೆ ಆ ರೇಸು ಬಿಡಿ.

ವಾಪಸು ಬಂದ ಮೇಲಿನ ಮಾತೂ ಒಂದಿದೆ. ನಮಗೆ ಬಿಸಿಲು ಹೊಸದೇ ಎನ್ನುತ್ತೇವೆ. ಆದರೆ ಬಿಸಿಲಿಗೆ ಒಗ್ಗಿದ ಮೈ ಎರಡು ವಾರ ಎ.ಸಿ. ಕೋಣೆಯಲ್ಲಿ ಕಳೆದರೆ ಆ ಒಗ್ಗಿಕೆಯನ್ನು ಒಂದಿಷ್ಟು ಕಳೆದುಕೊಳ್ಳುತ್ತದೆ. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬಂದ ಮರುದಿನವೇ ಹತ್ತು ಗಂಟೆಯ ಬಿಸಿಲಲ್ಲಿ ನೂರು ಕಿಲೋಮೀಟರ್ ಹೊರಡಬೇಡಿ. ನಾಲ್ಕೈದು ದಿನ ನಸುಕಿನಲ್ಲಿ, ಕಡಿಮೆ ದೂರ. ನೀರು ಬಾಯಾರಿದಾಗ ಕುಡಿಯಿರಿ, ಲೆಕ್ಕವಿಲ್ಲದೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ಅದೇ ತೊಂದರೆಯಾಗುತ್ತದೆ. ಜ್ವರವಿದ್ದರೆ ಸೈಕಲ್ ಬೇಡವೇ ಬೇಡ.

ಜೊತೆಗಾರ ಬಿಸಿಲಲ್ಲಿ ತಡವರಿಸಿ ಮಾತಾಡಿದರೆ, ಎಲ್ಲಿದ್ದೇನೆಂಬ ಅರಿವು ತಪ್ಪಿದರೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, ಆಗಲೇ 108ಕ್ಕೆ ಫೋನ್ ಮಾಡಿ. ಎದೆ ಹಿಡಿದಂತಾದರೂ 108ಕ್ಕೇ ಫೋನ್ ಮಾಡಬೇಕು. ಅದನ್ನು "ಗ್ಯಾಸು" ಎಂದು ಸೋಡಾ ಕುಡಿಸಿ ಕೂರಿಸಬೇಡಿ.